ಗಡಿ ದಾಟಿದರೆ ಮನೆ ಕರೆಂಟ್ ಬಿಲ್ ಯಾಕೆ ಬೇರೆ?

ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. "ಕರೆಂಟು ನಮ್ಮಲ್ಲೇ ಹುಟ್ಟುತ್ತೆ, ನಮಗ್ಯಾಕೆ ಅಗ್ಗ ಇಲ್ಲ?" ಅಂತ ಆ ಕಡೆಯ ಹುಡುಗರು ಕೇಳೋದು ನ್ಯಾಯವೇ. ಆದರೆ ಆ ಕರೆಂಟು ಗ್ರಿಡ್‌ಗೆ ಹೋಗುತ್ತೆ. ಜಮೀನು ಗುತ್ತಿಗೆ ಕೊಟ್ಟವರಿಗೆ ಬಾಡಿಗೆ ಬರುತ್ತೆ, ಬಿಲ್ಲು ಮಾತ್ರ ಎಲ್ಲರ ಹಾಗೇ.

ಮನೆ ದರ ನಿಗದಿ ಮಾಡೋದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಮೊದಲು ಪಂಚಾಯ್ತಿ ಹಳ್ಳಿಗೆ ಸ್ವಲ್ಪ ಕಡಿಮೆ, ಪಟ್ಟಣಕ್ಕೆ ಸ್ವಲ್ಪ ಜಾಸ್ತಿ ಇತ್ತು. 2024ರ ಏಪ್ರಿಲ್‌ನಲ್ಲಿ ಗೃಹಬಳಕೆಗೆ ಯೂನಿಟ್‌ಗೆ 5.90 ರೂಪಾಯಿ ಅಂತ ಒಂದೇ ದರ ಬಂತು. ಸಿ.ಎನ್. ದುರ್ಗಕ್ಕೂ ಅದೇ, ಬೆಂಗಳೂರಿಗೂ ಅದೇ. ಆಮೇಲೂ ಪರಿಷ್ಕರಣೆ ಆಗಿದೆ, ಹಾಗಾಗಿ ನಿಮ್ಮ ಬಿಲ್‌ನಲ್ಲಿರೋ ಅಂಕಿಯನ್ನೇ ಹಿಡಿಯಿರಿ.

ರಾಜ್ಯದೊಳಗೆ ವ್ಯತ್ಯಾಸ ಬರೋದು ಇಂಧನ ಹೊಂದಾಣಿಕೆ ಶುಲ್ಕದಲ್ಲಿ. ಕಂಪನಿ ಕೊಂಡ ಕರೆಂಟಿನ ಖರ್ಚು ಅಂದಾಜು ಮೀರಿದರೆ ಅದನ್ನ ನಮ್ಮ ಮೇಲೆ ಹಾಕುತ್ತೆ. 2022ರ ಅಕ್ಟೋಬರ್‌ನಿಂದ ಬೆಸ್ಕಾಂನಲ್ಲಿ ಯೂನಿಟ್‌ಗೆ 43 ಪೈಸೆ ಇದ್ದರೆ ಮೆಸ್ಕಾಂನಲ್ಲಿ 24 ಇತ್ತು.

ದೊಡ್ಡ ವ್ಯತ್ಯಾಸ ಕಾಣೋದು ಮಡಕಶಿರಾ ಕಡೆ ಹೋದಾಗ. ಆಂಧ್ರದಲ್ಲಿ 2022ರ ಏಪ್ರಿಲ್‌ನಿಂದ ಮೊದಲ 30 ಯೂನಿಟ್‌ಗೆ 1.90, ಆಮೇಲೆ 75ರ ತನಕ 3 ರೂಪಾಯಿ, ಹೀಗೆ ಮೆಟ್ಟಿಲು ಹತ್ತುತ್ತಾ 400 ದಾಟಿದರೆ 9.75. ಅಂದರೆ ಬರೀ ಯೂನಿಟ್ ಲೆಕ್ಕದಲ್ಲಿ 60 ಯೂನಿಟ್‌ಗೆ ಅಲ್ಲಿ 147, ನಮ್ಮಲ್ಲಿ 5.90ರಂತೆ 354. ಆದರೆ 400 ಯೂನಿಟ್ ಸುಟ್ಟರೆ ಅಲ್ಲಿ 2,548, ನಮ್ಮಲ್ಲಿ 2,360! ಗಡಿಯಾಚೆ ನೆಂಟರ ಬಿಲ್ ನೋಡಿ ಹೊಟ್ಟೆ ಉರಿಸಿಕೊಳ್ಳೋ ಮುಂಚೆ ಯೂನಿಟ್ ಎಷ್ಟು ಅಂತ ಕೇಳಿ.

ನಮ್ಮ ಕಡೆ ಈ ಅಂತರ ಮುಚ್ಚೋದು ಗೃಹಜ್ಯೋತಿ. 2022-23ರ ನಿಮ್ಮ ಸರಾಸರಿ ಬಳಕೆ 60 ಯೂನಿಟ್ ಇದ್ದರೆ, ಶೇ. 10 ಸೇರಿ 66 ಉಚಿತ. 80 ಆದರೆ ಮೇಲಿನ 14ಕ್ಕೆ ಮಾತ್ರ ಬಿಲ್. 200 ದಾಟಿದರೆ ಪೂರ್ತಿ ಕಟ್ಟಬೇಕು. ಹೊಸ ಮನೆಯವರಿಗೆ ಹಳೇ ಲೆಕ್ಕ ಇಲ್ಲದ್ದರಿಂದ 58 ಯೂನಿಟ್ ಕೊಟ್ಟಿದ್ದಾರೆ.

ಹಸು ಕಟ್ಟಿರೋರು ಇಲ್ಲಿ ಎಚ್ಚರ. ಮನೆ ಮೀಟರ್‌ಗೆ 2 ಎಚ್‌ಪಿ ಮೇವು ಕತ್ತರಿಸೋ ಯಂತ್ರ ಹಾಕಿದರೆ ಗಂಟೆಗೆ ಸುಮಾರು ಒಂದೂವರೆ ಯೂನಿಟ್. ದಿನಕ್ಕೆ ಅರ್ಧ ಗಂಟೆ ಓಡಿಸಿದರೂ ತಿಂಗಳಿಗೆ 22 ಯೂನಿಟ್ ಹೆಚ್ಚಾಗುತ್ತೆ.