ಗೋಡೆ ಪಕ್ಕದ ಹುಡುಗನ ಡಿಜಿಟಲ್ ಪಂಕ್

ಬರ್ಲಿನ್ ನಗರದ ಉತ್ತರದ ತುದಿಯಲ್ಲಿ ಫ್ರೋನೌ ಎಂಬ ಬಡಾವಣೆಯಿದೆ. ಸಾಲುಮರಗಳು, ಕೈತೋಟದ ಮನೆಗಳು, ಸದ್ದಡಗಿದ ಬೀದಿಗಳು. ಶೀತಲ ಸಮರದ ಕಾಲದಲ್ಲಿ ಪಶ್ಚಿಮ ಬರ್ಲಿನ್ ಇಲ್ಲಿಗೆ ಮುಗಿಯುತ್ತಿತ್ತು. ಮೂರು ದಿಕ್ಕಿನಲ್ಲೂ ಗೋಡೆ, ಅದರಾಚೆ ಪೂರ್ವ ಜರ್ಮನಿಯ ಬಂದೂಕುಧಾರಿ ಕಾವಲುಗಾರರು. 1970ರ ದಶಕದ ಕೊನೆಯಲ್ಲಿ ಇದೇ ಬಡಾವಣೆಯಲ್ಲಿ ಸುಮಾರು 350 ಮೀಟರ್ ಎತ್ತರದ ಉಕ್ಕಿನ ಪ್ರಸಾರ ಸ್ತಂಭವೊಂದು ಎದ್ದು ನಿಂತಿತು. ಪೂರ್ವ ಜರ್ಮನಿಯ ನೆಲಕ್ಕೆ ಸೋಕದೆ, ಅದರ ಆಕಾಶವನ್ನಷ್ಟೇ ಹಾಯ್ದು ಪಶ್ಚಿಮ ಜರ್ಮನಿಯೊಂದಿಗೆ ಮಾತಾಡಲು ಕಟ್ಟಿದ ಸ್ತಂಭ ಅದು.

1972ರಲ್ಲಿ ಹುಟ್ಟಿದ ಅಲೆಕ್ ಎಂಪೈರ್ ಬೆಳೆದದ್ದು ಇಲ್ಲಿ. ಮುಂದೆ 'ಅಟಾರಿ ಟೀನೇಜ್ ರಾಯಟ್' ಎಂಬ ತಂಡವನ್ನೂ 'ಡಿಜಿಟಲ್ ಹಾರ್ಡ್‌ಕೋರ್ ರೆಕಾರ್ಡಿಂಗ್ಸ್' ಎಂಬ ಸ್ವತಂತ್ರ ಧ್ವನಿಮುದ್ರಣ ಸಂಸ್ಥೆಯನ್ನೂ ಕಟ್ಟಿದ ಸಂಗೀತಗಾರ ಅವರು. ಕಂಪ್ಯೂಟರಿನಿಂದಲೂ ಪಂಕ್ ಸಂಗೀತ ಹುಟ್ಟಬಲ್ಲದು ಎಂದು 1990ರ ದಶಕದಲ್ಲಿ ಗಟ್ಟಿಯಾಗಿ ತೋರಿಸಿಕೊಟ್ಟವರಲ್ಲಿ ಅವರ ಹೆಸರು ಮುಂದಿನ ಸಾಲಿನಲ್ಲಿದೆ.

ಅವರ ಸಂಗೀತವನ್ನು ಮೊದಲ ಸಲ ಕೇಳಿದವರಿಗೆ ಕಿವಿಗೆ ಬೀಳುವುದು ಬರೀ ಅಬ್ಬರ. ಎರಡನೆಯ ಸಲ, ಮೂರನೆಯ ಸಲ ಕೇಳಿದಾಗ ಆ ಅಬ್ಬರದೊಳಗೆ ಒಂದು ಲೆಕ್ಕಾಚಾರ ಕಾಣಿಸತೊಡಗುತ್ತದೆ. ಅದರ ಒಂದೊಂದು ಎಳೆಯನ್ನೂ ಹಿಡಿದು ಹಿಂದಕ್ಕೆ ಹೋದರೆ ತಲುಪುವುದು ಎಂಟರಿಂದ ಇಪ್ಪತ್ತರ ನಡುವಿನ ಅವರ ವಯಸ್ಸಿಗೆ. ಎಂಪೈರ್ ತಮ್ಮ ಬಾಲ್ಯದ ಕತೆಯನ್ನು ಹಾಡಾಗಿಸಿದವರಲ್ಲ. ಅವರ ಬಾಲ್ಯ ಹಾಡು ಕಟ್ಟುವ ರೀತಿಯೊಳಗೇ ಸೇರಿಕೊಂಡಿದೆ.

ಗೋಡೆ, ಬಂದೂಕು, ರೇಡಿಯೊ

ಬರ್ಲಿನ್ ಗೋಡೆ ಎದ್ದದ್ದು 1961ರ ಆಗಸ್ಟ್ 13ರಂದು. ಪಶ್ಚಿಮ ಬರ್ಲಿನ್ನನ್ನು ಸುತ್ತುವರಿದ ಅದರ ಉದ್ದ ಸುಮಾರು 155 ಕಿಲೋಮೀಟರ್. ಅಲ್ಲಿ ಹುಟ್ಟಿದ ಮಕ್ಕಳಿಗೆ ಗೋಡೆ ಇತಿಹಾಸವಾಗಿರಲಿಲ್ಲ, ಶಾಲೆಗೆ ಹೋಗುವ ದಾರಿಯಾಗಿತ್ತು. ಎಂಪೈರ್ ಕೂಡ ದಿನವೂ ಗೋಡೆಯ ಪಕ್ಕದಿಂದಲೇ ಶಾಲೆಗೆ ಹೋದವರು. ಅಧಿಕಾರ ಎಂದರೆ ಏನು ಎಂದು ಪುಸ್ತಕದಿಂದ ತಿಳಿಯುವ ಮೊದಲೇ ಆ ಹುಡುಗ ಅದನ್ನು ಕಾವಲುಗಾರನ ಹೆಗಲ ಮೇಲಿನ ಬಂದೂಕಿನಲ್ಲಿ ಕಂಡಿದ್ದ.

ಮನೆಯೊಳಗಿನ ನೆನಪುಗಳೂ ಹಗುರವಾಗಿರಲಿಲ್ಲ. ತಂದೆ ಸಮಾಜವಾದಿ. ತಂದೆಯ ತಂದೆ ನಾಜಿಗಳ ಯಾತನಾ ಶಿಬಿರದಲ್ಲಿ ಸತ್ತವರು. ಇಂಥ ಮನೆಯಲ್ಲಿ ಬೆಳೆದ ಮಗುವಿಗೆ ಫ್ಯಾಸಿಸಂ ಎಂಬುದು ಪಠ್ಯಪುಸ್ತಕದ ಅಧ್ಯಾಯವಾಗಿ ಉಳಿಯುವುದಿಲ್ಲ. ಗೋಡೆಗೆ ತೂಗುಹಾಕಲು ತಾತನ ಫೋಟೊ ಇದ್ದರೂ ಇಲ್ಲದಿದ್ದರೂ, ಆತ ಇಲ್ಲ ಎಂಬ ಸಂಗತಿ ಮನೆಯಲ್ಲಿ ಇದ್ದೇ ಇರುತ್ತದೆ.

ಮೂರನೆಯದು ರೇಡಿಯೊ. ಪಶ್ಚಿಮ ಬರ್ಲಿನ್ನಿನ ಆಕಾಶದಲ್ಲಿ ಅಮೆರಿಕನ್ ಸೈನಿಕರಿಗಾಗಿ ನಡೆಯುತ್ತಿದ್ದ ಎಎಫ್ಎನ್, ಅಮೆರಿಕನ್ ವಲಯದ ಆರ್‌ಐಎಎಸ್, ಗೋಡೆಯಾಚೆಯ ಪೂರ್ವ ಜರ್ಮನಿಯ ಕೇಂದ್ರಗಳು ಎಲ್ಲವೂ ಒಂದರ ಮೇಲೊಂದು ಬೀಳುತ್ತಿದ್ದವು. ರೇಡಿಯೊದಲ್ಲಿ ಸದಾ ಭಯೋತ್ಪಾದಕರ ಸುದ್ದಿ ಬರುತ್ತಿತ್ತು, ಬಾಲ್ಯದಲ್ಲಿ ಅದು ತಮ್ಮ ಮೇಲೆ ಗಾಢ ಪ್ರಭಾವ ಬೀರಿತು ಎಂಬ ಅರ್ಥದ ಮಾತನ್ನು ಎಂಪೈರ್ ಮುಂದೆ ಆಡಿದ್ದಾರೆ. ಅವರ ಧ್ವನಿಮುದ್ರಿಕೆಗಳನ್ನು ಕೇಳುವಾಗ ಈ ಮಾತನ್ನು ನೆನಪಿಡಬೇಕು. ಒಂದು ತಾಳದ ಮೇಲೆ ಇನ್ನೊಂದು ತಾಳ, ನಡುವೆ ತುಂಡಾದ ಭಾಷಣ, ಅದರಡಿ ಕರ್ಕಶ ಗರಗರ. ಬೇರೆಯವರು ಅಳಿಸಿಹಾಕುವ ಆ ಗರಗರವನ್ನು ಅವರು ವಾದ್ಯವಾಗಿ ಬಳಸುತ್ತಾರೆ.

ಹತ್ತಕ್ಕೆ ಬೀದಿ, ಹನ್ನೆರಡಕ್ಕೆ ತಂಡ

1980ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ರ‍್ಯಾಪ್ ಸಂಗೀತ ಬರ್ಲಿನ್ನಿಗೂ ಬಂತು. ಹತ್ತು ವರ್ಷದ ಅಲೆಕ್ ಅದಕ್ಕೆ ಮರುಳಾಗಿ ಬೀದಿಯಲ್ಲಿ ಬ್ರೇಕ್‌ಡಾನ್ಸ್ ಮಾಡತೊಡಗಿದ. ಆ ನೃತ್ಯ ನಿಂತಿರುವುದು ಬ್ರೇಕ್‌ಬೀಟ್‌ಗಳ ಮೇಲೆ. ಅಮೆರಿಕದ ಕಪ್ಪು ಸಂಗೀತಗಾರರ ಫಂಕ್ ಹಾಡುಗಳಲ್ಲಿ ಉಳಿದೆಲ್ಲ ವಾದ್ಯಗಳು ಸುಮ್ಮನಾಗಿ ಡ್ರಮ್ ಒಂದೇ ನುಡಿಯುವ ಕೆಲವು ಕ್ಷಣಗಳಿರುತ್ತವೆ. ಆ ತುಣುಕೇ ಬ್ರೇಕ್. ಕಾಲಿನ ಮೂಲಕ ಮೈಗೆ ಇಳಿದ ಈ ಲಯ ಮುಂದೆ ಅವರನ್ನು ಬಿಡಲೇ ಇಲ್ಲ.

ಬ್ರೇಕ್‌ಡಾನ್ಸ್ ಜಾಹೀರಾತಿನ ಸರಕಾಗುತ್ತಾ ಹೋದಂತೆ ಹುಡುಗನಿಗೆ ಬೇಸರವಾಯಿತು. ಆಗ ಕಂಡದ್ದು ಪಂಕ್. ಸಂಗೀತ ಪಾಠವಾಗಿರಬೇಕಿಲ್ಲ, ದುಬಾರಿ ಸ್ಟುಡಿಯೊ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಹೇಳಲು ಮಾತಿದ್ದರೆ ಸಾಕು, ತಂಡ ಕಟ್ಟು ಎಂಬುದು ಪಂಕ್‌ನ ನಂಬಿಕೆ. ಪಶ್ಚಿಮ ಬರ್ಲಿನ್ ಅದಕ್ಕೆ ಹೇಳಿಮಾಡಿಸಿದ ಊರು. ಅಲ್ಲಿನ ನಿವಾಸಿಗಳಿಗೆ ಪಶ್ಚಿಮ ಜರ್ಮನಿಯ ಕಡ್ಡಾಯ ಸೇನಾ ಸೇವೆ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಸೈನ್ಯಕ್ಕೆ ಸೇರಲು ಮನಸ್ಸಿಲ್ಲದ ಯುವಕರು ದೇಶದ ಮೂಲೆಮೂಲೆಯಿಂದ ಬಂದು ಸೇರುತ್ತಿದ್ದರು. ಕ್ರಾಯ್ಟ್ಸ್‌ಬರ್ಗ್ ಪ್ರದೇಶದ 'ಎಸ್‌ಒ36' ಸಭಾಂಗಣ 1978ರಿಂದಲೇ ಪಂಕ್ ತಂಡಗಳ ತಾಣವಾಗಿತ್ತು. 1980ರಲ್ಲಿ ಶುರುವಾದ 'ಐನ್‌ಸ್ಟ್ಯುರ್ತ್ಸೆಂಡೆ ನೊಯ್‌ಬೌಟನ್' ತಂಡ ಕಬ್ಬಿಣದ ತಗಡು, ಡ್ರಿಲ್ಲಿಂಗ್ ಯಂತ್ರಗಳನ್ನೇ ವಾದ್ಯ ಮಾಡಿಕೊಂಡಿತ್ತು.

ಅಲೆಕ್ ಹನ್ನೆರಡನೆಯ ವಯಸ್ಸಿಗೇ 'ಡೀ ಕಿಂಡರ್' ಎಂಬ ಪಂಕ್ ತಂಡ ಕಟ್ಟಿದ. ಹದಿನಾರಕ್ಕೆ ಬರುವಷ್ಟರಲ್ಲಿ ಪಂಕ್ ಸತ್ತಿದೆ ಎಂದು ತೀರ್ಮಾನಿಸಿ ಹೊರಬಂದ. ಬಂಡಾಯವೂ ಒಂದು ವೇಷವಾಗಿ ಹೋಗಬಲ್ಲದು ಎಂಬುದನ್ನು ಇಷ್ಟು ಎಳೆಯ ವಯಸ್ಸಿನಲ್ಲಿ ಕಂಡದ್ದೇ ಅವರ ಬದುಕಿನ ದೊಡ್ಡ ಪಾಠ. ಗಿಟಾರ್ ಕೆಳಗಿಟ್ಟರು, ಪಂಕ್‌ನ ನಂಬಿಕೆಯನ್ನು ಇಟ್ಟುಕೊಂಡರು.

ಗೋಡೆ ಬಿದ್ದ ಮೇಲೆ

1989ರ ನವೆಂಬರ್ 9ರಂದು ಗೋಡೆ ತೆರೆದುಕೊಂಡಾಗ ಅವರಿಗೆ ಹದಿನೇಳು ವರ್ಷ. ಪೂರ್ವ ಬರ್ಲಿನ್ನಿನಲ್ಲಿ ವಾರಸುದಾರರಿಲ್ಲದ ಕಾರ್ಖಾನೆಗಳು, ನೆಲಮಾಳಿಗೆಗಳು, ಬಂಕರುಗಳು ಖಾಲಿ ಬಿದ್ದಿದ್ದವು. ಯುವಕರು ಧ್ವನಿವರ್ಧಕಗಳನ್ನು ಹೊತ್ತು ಅಲ್ಲಿಗೆ ನುಗ್ಗಿದರು. 1991ರಲ್ಲಿ ಶುರುವಾದ 'ಟ್ರೆಸೋರ್' ಕ್ಲಬ್ ಇದ್ದದ್ದು ಹಳೆಯ ವೆರ್ಟ್‌ಹೈಮ್ ಮಳಿಗೆಯ ತಿಜೋರಿ ಕೋಣೆಯಲ್ಲಿ. ಪೂರ್ವ ಮತ್ತು ಪಶ್ಚಿಮದ ಹುಡುಗ ಹುಡುಗಿಯರು ಮೊದಲ ಬಾರಿ ಬೆರೆತದ್ದು ಟೆಕ್ನೊ ಸಂಗೀತದ ಈ ರೇವ್ ಕೂಟಗಳಲ್ಲಿ. ಎಂಪೈರ್ ಕೂಡ ಅಲ್ಲೇ ಇದ್ದರು. ಪಶ್ಚಿಮದ ಕ್ಲಬ್ಬುಗಳು ವ್ಯಾಪಾರವಾಗಿಬಿಟ್ಟಿವೆ ಎನಿಸಿ ಪೂರ್ವದ ಗುಪ್ತ ಕೂಟಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಡಿಜೆ ಆಗಿ ಹೆಸರು ಮಾಡಿದರು, 'ಫೋರ್ಸ್ ಇಂಕ್' ಸಂಸ್ಥೆಯಿಂದ ಅವರ ಮುದ್ರಿಕೆಗಳು ಬಂದವು, ಕೈಗೆ ಹಣವೂ ಬಂತು.

ಆದರೆ ಅದೇ ಹೊತ್ತಿನಲ್ಲಿ ದೇಶದ ಬೀದಿಗಳಲ್ಲಿ ಬೇರೇನೋ ನಡೆಯುತ್ತಿತ್ತು. 1991ರ ಸೆಪ್ಟೆಂಬರಿನಲ್ಲಿ ಹೋಯರ್ಸ್‌ವೆರ್ಡಾ ಪಟ್ಟಣದಲ್ಲಿ ವಲಸೆ ಕಾರ್ಮಿಕರ ವಸತಿಗಳ ಮೇಲೆ ದಾಳಿಯಾಯಿತು. 1992ರ ಆಗಸ್ಟಿನಲ್ಲಿ ರೊಸ್ಟಾಕ್ ನಗರದ ಲಿಖ್ಟೆನ್‌ಹಾಗೆನ್ ಬಡಾವಣೆಯಲ್ಲಿ ವಿಯೆಟ್ನಾಮಿ ಕಾರ್ಮಿಕರು ವಾಸವಿದ್ದ ಕಟ್ಟಡಕ್ಕೆ ಗುಂಪು ಬೆಂಕಿಯಿಟ್ಟಿತು. ನೆರೆದ ಸಾವಿರಾರು ಜನರಲ್ಲಿ ಚಪ್ಪಾಳೆ ತಟ್ಟಿದವರಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಮೊಲ್ನ್‌ನಲ್ಲಿ ಮೂವರು, ಮರುವರ್ಷ ಝೋಲಿಂಗೆನ್‌ನಲ್ಲಿ ಐವರು ತುರ್ಕಿ ಮೂಲದವರು ಬೆಂಕಿಗೆ ಆಹುತಿಯಾದರು. ರೇವ್ ಕೂಟಗಳೊಳಗೂ ನವ ನಾಜಿಗಳು ಸೇರಿಕೊಂಡು, ಟ್ರಾನ್ಸ್ ಟೆಕ್ನೊವೇ ನಿಜವಾದ ಜರ್ಮನ್ ಸಂಗೀತ ಎನ್ನತೊಡಗಿದ್ದರು. ಕುಣಿಯುವವರು ಕಣ್ಣು ಮುಚ್ಚಿ ಕುಣಿಯುತ್ತಲೇ ಇದ್ದರು.

ತಾತನನ್ನು ಶಿಬಿರಕ್ಕೆ ಕಳೆದುಕೊಂಡ ಮನೆಯ ಹುಡುಗನಿಗೆ ಕಣ್ಣು ಮುಚ್ಚಿಕೊಳ್ಳುವುದು ಸಾಧ್ಯವಿರಲಿಲ್ಲ. 1992ರಲ್ಲಿ ಎಂಪೈರ್, ಪಂಕ್ ದಿನಗಳನ್ನು ಕಂಡಿದ್ದ ಗಾಯಕಿ ಹನಿನ್ ಇಲಿಯಾಸ್, ಆಫ್ರಿಕಾದ ಸ್ವಾಜಿಲ್ಯಾಂಡಿನಲ್ಲಿ ಹುಟ್ಟಿದ ರ‍್ಯಾಪರ್ ಕಾರ್ಲ್ ಕ್ರ್ಯಾಕ್ ಜತೆ ಸೇರಿ 'ಅಟಾರಿ ಟೀನೇಜ್ ರಾಯಟ್' ತಂಡ ಕಟ್ಟಿದರು. ಮೊದಲ ಮುದ್ರಿಕೆಯೇ ನವ ನಾಜಿಗಳ ವಿರುದ್ಧ ನೇರ ಘೋಷಣೆಯಾಗಿತ್ತು.

ಲಯವೇ ಉತ್ತರ

ಈ ತಂಡದ ಸಂಗೀತ ಹೇಗೆ ತಯಾರಾಗುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ತಂಡದ ಹೆಸರಿನಲ್ಲಿರುವ ಅಟಾರಿ ಒಂದು ಕಂಪ್ಯೂಟರ್. 1985ರಲ್ಲಿ ಮಾರುಕಟ್ಟೆಗೆ ಬಂದ ಅಟಾರಿ ಎಸ್‌ಟಿಯಲ್ಲಿ ಸಂಗೀತ ಯಂತ್ರಗಳನ್ನು ಜೋಡಿಸುವ 'ಮಿಡಿ' ಕಿಂಡಿಗಳು ಮೊದಲಿನಿಂದಲೇ ಇದ್ದವು. ಬೆಲೆಯೂ ಕೈಗೆಟುಕುವಂತಿತ್ತು. 1040 ಮಾದರಿಯ ನೆನಪಿನ ಶಕ್ತಿ ಕೇವಲ 1 ಮೆಗಾಬೈಟ್. ಇಷ್ಟರಲ್ಲೇ ಡ್ರಮ್ ಮಷಿನ್, ಸ್ಯಾಂಪ್ಲರ್, ಸಿಂಥಸೈಜರ್ ಎಲ್ಲವನ್ನೂ ಒಂದೇ ತಾಳಕ್ಕೆ ಕುಣಿಸಬಹುದಿತ್ತು. ಮಲಗುವ ಕೋಣೆಯೇ ಸ್ಟುಡಿಯೊ ಆಗುವ ಈ ಅನುಕೂಲದಲ್ಲಿ ಎಂಪೈರ್ ಹೊಸ ಪಂಕ್ ಗಿಟಾರನ್ನು ಕಂಡರು.

ಸ್ಯಾಂಪ್ಲರ್ ಎಂದರೆ ಯಾವುದೇ ಸದ್ದಿನ ತುಣುಕನ್ನು ಹಿಡಿದಿಟ್ಟು ಬೇಕಾದಂತೆ ನುಡಿಸುವ ಯಂತ್ರ. ಅದರಲ್ಲಿ ಎಂಪೈರ್ ತುಂಬಿದ್ದು ಬಾಲ್ಯದಲ್ಲಿ ಕುಣಿದ ಫಂಕ್ ಬ್ರೇಕ್‌ಗಳನ್ನು. ಆ ಕಾಲದ ಅನೇಕ ಸಂಗೀತಗಾರರು ಬಳಸುತ್ತಿದ್ದ ಇಂಥ ಒಂದು ತುಣುಕು, ಅಮೆರಿಕದ 'ದಿ ವಿನ್‌ಸ್ಟನ್ಸ್' ತಂಡದ 1969ರ ಹಾಡಿನಲ್ಲಿ ಗ್ರೆಗರಿ ಕೋಲ್‌ಮನ್ ನುಡಿಸಿದ್ದು. ಅದರ ಅವಧಿ ಏಳು ಸೆಕೆಂಡಿನಷ್ಟು ಮಾತ್ರ. ಇಂಥ ತುಣುಕಿನ ವೇಗ ಹೆಚ್ಚಿಸಿದರೆ ಸ್ಥಾಯಿಯೂ ಏರುತ್ತದೆ. ಚರ್ಮವಾದ್ಯದ ಸದ್ದು ಲೋಹದಂತೆ ಮೊನಚಾಗುತ್ತದೆ. ಅದರಡಿಗೆ ರೋಲ್ಯಾಂಡ್ 909 ಡ್ರಮ್ ಮಷಿನ್ನಿನ ಭಾರವಾದ ಬಡಿತ, ಮೇಲೆ ಹಳೆಯ ಪಂಕ್ ಹಾಗೂ ಮೆಟಲ್ ಹಾಡುಗಳಿಂದ ಕತ್ತರಿಸಿದ ಗಿಟಾರ್ ತುಣುಕುಗಳು. ಕೊನೆಗೆ ಎಲ್ಲವನ್ನೂ ಮಿಕ್ಸರಿನ ಮಿತಿ ಮೀರಿ ಹಾಯಿಸಿದಾಗ ಸದ್ದು ಒಡೆದು ಸಿಡಿಯುತ್ತದೆ.

ಇಲ್ಲಿ ಲಯದ ಆಯ್ಕೆಯೇ ರಾಜಕೀಯ ನಿಲುವು. ಟೆಕ್ನೊವನ್ನು ಜರ್ಮನರ ಸ್ವತ್ತು ಎಂದು ಘೋಷಿಸಲು ಹೊರಟವರ ಮುಂದೆ ಎಂಪೈರ್ ತಂದಿಟ್ಟದ್ದು ಕಪ್ಪು ಅಮೆರಿಕದ ತಾಳ. ಟೆಕ್ನೊ ಕೂಡ ಡೆಟ್ರಾಯಿಟ್ ನಗರದ ಕಪ್ಪು ಯುವಕರ ಕೈಯಲ್ಲಿ ಬೆಳೆದದ್ದು ಎಂಬುದನ್ನು ಮರೆತವರಿಗೆ ಈ ಉತ್ತರ ಬೇಕೇ ಇತ್ತು. ಪದಗಳನ್ನೆಲ್ಲ ತೆಗೆದುಹಾಕಿದರೂ ಈ ಸಂಗೀತ ಜನಾಂಗ ದ್ವೇಷದ ವಿರುದ್ಧವೇ ನಿಲ್ಲುತ್ತದೆ.

ಮುಂಗಡ ಹಣದಿಂದ ಕಟ್ಟಿದ ಸಂಸ್ಥೆ

1993ರಲ್ಲಿ ದೊಡ್ಡ ಧ್ವನಿಮುದ್ರಣ ಕಂಪನಿ ಫೋನೋಗ್ರಾಮ್ ತಂಡದೊಂದಿಗೆ ಒಪ್ಪಂದ ಮಾಡಿಕೊಂಡಿತು. ಕಂಪನಿಯ ನಿಯಮಗಳಿಗೆ ತಂಡ ಬಗ್ಗಲಿಲ್ಲ. ಎರಡು ಮುದ್ರಿಕೆಗಳಾಚೆಗೆ ಸಂಬಂಧ ಮುಂದುವರಿಯಲಿಲ್ಲ. ವಾಪಸು ಕೊಡಬೇಕಿಲ್ಲದ ಮುಂಗಡ ಹಣ ಕೈಯಲ್ಲಿತ್ತು. ಅದನ್ನೇ ಬಂಡವಾಳ ಮಾಡಿಕೊಂಡು ಎಂಪೈರ್ 1994ರಲ್ಲಿ 'ಡಿಜಿಟಲ್ ಹಾರ್ಡ್‌ಕೋರ್ ರೆಕಾರ್ಡಿಂಗ್ಸ್' ಆರಂಭಿಸಿದರು. ಅವರಿಗಾಗ ಇಪ್ಪತ್ತೆರಡು ವರ್ಷ.

ಬ್ರೇಕ್‌ಡಾನ್ಸ್, ಪಂಕ್, ರೇವ್ ಮೂರೂ ಒಂದಾದ ಮೇಲೊಂದು ಮಾರಾಟಕ್ಕೆ ಬಿದ್ದದ್ದನ್ನು ಕಣ್ಣಾರೆ ಕಂಡವರಿಗೆ ಸ್ವಂತ ಸಂಸ್ಥೆ ಎನ್ನುವುದು ಅಗತ್ಯವಾಗಿತ್ತು. 'ಇಸಿ8ಒಆರ್', 'ಸೋನಿಕ್ ಸಬ್‌ಜಂಕೀಸ್' ಮುಂತಾದ ತಂಡಗಳ ಮುದ್ರಿಕೆಗಳು ಇಲ್ಲಿಂದ ಹೊರಬಂದವು. ಮಹಿಳಾ ಕಲಾವಿದರಿಗಾಗಿ ಹನಿನ್ ಇಲಿಯಾಸ್ 'ಫೇಟಲ್' ಎಂಬ ಕವಲನ್ನು ಕಟ್ಟಿದರು. ಸಂಸ್ಥೆಯ ಹೆಸರೇ ಒಂದು ಸಂಗೀತ ಪ್ರಕಾರದ ಹೆಸರಾಯಿತು: ಇಂದಿಗೂ ಈ ಬಗೆಯ ಎಲೆಕ್ಟ್ರಾನಿಕ್ ಪಂಕ್ ಅನ್ನು 'ಡಿಜಿಟಲ್ ಹಾರ್ಡ್‌ಕೋರ್' ಎಂದೇ ಕರೆಯುತ್ತಾರೆ. ಅಮೆರಿಕದಲ್ಲಿ ಬೀಸ್ಟಿ ಬಾಯ್ಸ್ ತಂಡದವರ 'ಗ್ರ್ಯಾಂಡ್ ರಾಯಲ್' ಸಂಸ್ಥೆ ಇವರ ಮುದ್ರಿಕೆಗಳನ್ನು ಹೊರತಂದಿತು.

ತೆತ್ತ ಬೆಲೆ

ಇಷ್ಟು ತೀವ್ರತೆಯನ್ನು ವರ್ಷಗಟ್ಟಲೆ ಹೊರುವುದು ಸುಲಭವಲ್ಲ. 1999ರ ಮೇ 1ರಂದು ಬರ್ಲಿನ್ನಿನ ಮೆರವಣಿಗೆಯಲ್ಲಿ ಲಾರಿಯ ಮೇಲೆ ನಿಂತು ತಂಡ ನುಡಿಸುತ್ತಿದ್ದಾಗ ಪೊಲೀಸರಿಗೂ ಜನರಿಗೂ ಘರ್ಷಣೆಯಾಗಿ ತಂಡದವರು ಬಂಧನಕ್ಕೊಳಗಾದರು. ಅದೇ ವರ್ಷದ ಕೊನೆಗೆ ಲಂಡನ್ನಿನ ಬ್ರಿಕ್ಸ್‌ಟನ್ ಅಕಾಡೆಮಿಯಲ್ಲಿ ದಣಿದ ತಂಡ ಹಾಡುಗಳನ್ನೇ ಬಿಟ್ಟು ಅರ್ಧ ಗಂಟೆಯಷ್ಟು ಹೊತ್ತು ಬರೀ ಗದ್ದಲವನ್ನು ನುಡಿಸಿತು. ನಂತರ ತಂಡ ಚದುರಿತು. 2001ರ ಸೆಪ್ಟೆಂಬರಿನಲ್ಲಿ ಕಾರ್ಲ್ ಕ್ರ್ಯಾಕ್ ತೀರಿಕೊಂಡರು. ಮೂವತ್ತರ ಆಸುಪಾಸಿನ ಆ ದನಿ ಇಲ್ಲದ ತಂಡ ಮತ್ತೆ ಮೊದಲಿನದಾಗಲಿಲ್ಲ. 2010ರಲ್ಲಿ ಎಂಪೈರ್, 1990ರ ದಶಕದಲ್ಲೇ ತಂಡ ಸೇರಿದ್ದ ಕಲಾವಿದೆ ನಿಕ್ ಎಂಡೊ ಜತೆಗೂಡಿ ತಂಡವನ್ನು ಮತ್ತೆ ಕಟ್ಟಿದರು. ಮರುವರ್ಷ ಬಂದ 'ಈಸ್ ದಿಸ್ ಹೈಪರ್‌ರಿಯಲ್?' ಅಂತರ್ಜಾಲದ ಕಾಲದ ಕಣ್ಗಾವಲನ್ನು ಪ್ರಶ್ನಿಸುವ ಕೃತಿ. ಕಾವಲು ಗೋಪುರಗಳ ಊರಲ್ಲಿ ಬೆಳೆದವರು ಎತ್ತಬೇಕಾದ ಪ್ರಶ್ನೆಯೇ ಅದು.

ಎಲ್ಲಿಂದ ಕೇಳಬೇಕು?

ಹೊಸಬರು 1995ರ 'ಡಿಲೀಟ್ ಯುವರ್‌ಸೆಲ್ಫ್!' ಧ್ವನಿಮುದ್ರಿಕೆಯಿಂದ ಶುರುಮಾಡಬಹುದು. ಗೋಡೆ ಬಿದ್ದ ನಂತರದ ಬರ್ಲಿನ್ನಿನ ಸಿಟ್ಟು ಅದರಲ್ಲಿ ಹಸಿಯಾಗಿದೆ. ಆಮೇಲೆ 1999ರ '60 ಸೆಕೆಂಡ್ ವೈಪ್ ಔಟ್'. ಇವೆರಡೂ ಕಿವಿಗೆ ಭಾರವೆನಿಸಿದರೆ ಎಂಪೈರ್ ಒಬ್ಬರೇ ಐಸ್‌ಲ್ಯಾಂಡಿನಲ್ಲಿ ಮುದ್ರಿಸಿದ 'ಲೋ ಆನ್ ಐಸ್' ಕೇಳಬೇಕು. ಅದು ತಣ್ಣಗಿನ, ನಿಧಾನದ, ಅಂತರ್ಮುಖಿ ಸಂಗೀತ. ಇಷ್ಟು ಮೌನ ಬಲ್ಲವರು ಅಬ್ಬರವನ್ನು ಬೇಕೆಂದೇ ಆರಿಸಿಕೊಂಡಿದ್ದಾರೆ ಎಂಬುದು ಆಗ ಮನವರಿಕೆಯಾಗುತ್ತದೆ.

ಹಳೆಯ ಲ್ಯಾಪ್‌ಟಾಪಿನಲ್ಲಿ ಸಂಗೀತ ಮಾಡಲು ಹೊರಟಿರುವ ನಮ್ಮ ಹುಡುಗ ಹುಡುಗಿಯರಿಗೂ ಈ ಕತೆಯಲ್ಲಿ ಹುರಿದುಂಬಿಸುವ ಸಂಗತಿಯಿದೆ. ಬರ್ಲಿನ್ನಿನ ಸದ್ದನ್ನು ಅನುಕರಿಸಬೇಕಿಲ್ಲ. ನೀವು ಬೆಳೆದ ಬೀದಿಯಲ್ಲಿ ಏನು ಕೇಳಿಸುತ್ತಿತ್ತು, ಯಾವುದನ್ನು ಕಂಡು ಸಿಟ್ಟು ಬಂದಿತ್ತು, ಯಾವ ತಾಳಕ್ಕೆ ಕಾಲು ತಾನಾಗಿ ಕುಣಿದಿತ್ತು ಎಂಬುದನ್ನು ಪ್ರಾಮಾಣಿಕವಾಗಿ ಹುಡುಕಿ. ಯಂತ್ರ ಅಗ್ಗದ್ದಾದರೂ ನಡೆಯುತ್ತದೆ. ಹೇಳುವ ಮಾತು ಮಾತ್ರ ನಿಮ್ಮದೇ ಆಗಿರಲಿ.