ಮಾಯಾನಗರಿಯಲ್ಲಿ ಊಟದ ಎಚ್ಚರ

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಮೂಲೆಯಲ್ಲಿ ಕಡಲಿನೊಳಕ್ಕೆ ನಾಲಗೆಯಂತೆ ಚಾಚಿಕೊಂಡಿರುವ ಫ್ಲಾರಿಡಾ ಪ್ರಾಂತದ ನಡುಭಾಗದಲ್ಲಿ, ಆರ್ಲಾಂಡೊ ನಗರದ ಬಳಿ, ಒಂದು ಮಾಯಾನಗರಿ ಇದೆ. ಹಿಂದೆ ಜೌಗುನೆಲವೂ ಕುರುಚಲು ಕಾಡೂ ಆಗಿದ್ದ ಸುಮಾರು 40 ಚದರ ಮೈಲಿಗಳ ಭೂಮಿಯಲ್ಲಿ ಅದು ಹಬ್ಬಿ ನಿಂತಿದೆ. ಬರೆದ ಚಿತ್ರಗಳಿಗೆ ಚಲನೆ ಕೊಟ್ಟು, ಒಂದು ಇಲಿಯನ್ನು ಕುಣಿಸಿ, ಲೋಕದ ಮಕ್ಕಳ ಮನಸ್ಸನ್ನು ಸೂರೆಗೊಂಡ ವಾಲ್ಟ್ ಡಿಸ್ನಿ ಅದರ ಕನಸು ಕಂಡವರು. 1966ರಲ್ಲಿ ಅವರು ತೀರಿಕೊಂಡ ಮೇಲೆ ಸೋದರ ರಾಯ್ ಡಿಸ್ನಿ ಆ ಕನಸನ್ನು ಕೈಗೂಡಿಸಿದರು. 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದ ಈ ‘ವಾಲ್ಟ್ ಡಿಸ್ನಿ ವರ್ಲ್ಡ್’ನಲ್ಲಿ ಇಂದು ನಾಲ್ಕು ಮಹಾ ವಿಹಾರೋದ್ಯಾನಗಳಿವೆ, ಯಾತ್ರಿಕರು ತಂಗಲು ವಸತಿಗೃಹಗಳ ಸಾಲೇ ಇದೆ, ಊಟ ತಿಂಡಿಯ ತಾಣಗಳಿಗಂತೂ ಲೆಕ್ಕವಿಲ್ಲ.

ಅಲ್ಲಿ ದುಡಿಯುವವರನ್ನು ನೌಕರರೆಂದು ಕರೆಯುವ ರೂಢಿಯಿಲ್ಲ. ನಾಟಕ ಮಂಡಲಿಯ ಪಾತ್ರಧಾರಿಗಳೆಂಬ ಅರ್ಥದಲ್ಲಿ ಅವರಿಗೆ ‘ಕ್ಯಾಸ್ಟ್ ಮೆಂಬರ್’ ಎಂದು ಹೆಸರು. ಬರುವವರು ಗಿರಾಕಿಗಳಲ್ಲ, ಅತಿಥಿಗಳು. ಕಾಣುವುದೆಲ್ಲ ರಂಗಸ್ಥಳ, ಕಾಣದ್ದೆಲ್ಲ ನೇಪಥ್ಯ. ಕೋಟೆ ಸುಣ್ಣ ಬಣ್ಣದ್ದು; ಭೂತಬಂಗಲೆಯ ಭೂತ ಬೆಳಕಿನದು. ಈ ಸುಳ್ಳುಗಳೆಲ್ಲ ಸಿಹಿಯಾದ ಸುಳ್ಳುಗಳು. ಆದರೆ ಒಂದೇ ಒಂದು ಕಡೆ ಅಲ್ಲಿ ಸುಳ್ಳು ಸಲ್ಲದು. ಅದೇ ಅಡುಗೆಯ ಮನೆ. ಕಡಲೆಕಾಯಿ ತಿಂದರೆ ಉಸಿರುಗಟ್ಟುವ ಮಗುವಿನ ಮುಂದೆ ತಟ್ಟೆ ಇರಿಸಿ, “ಇದರಲ್ಲಿ ಕಡಲೆಕಾಯಿ ಇಲ್ಲ” ಎಂದು ಹೇಳುವ ಮಾತು ನಾಟಕದ ಮಾತಾಗಲಾರದು.

ಒಬ್ಬರಿಗೆ ಅಮೃತ, ಒಬ್ಬರಿಗೆ ವಿಷ

ಕೆಲವರಿಗೆ ಕೆಲವು ಆಹಾರ ಒಗ್ಗದೆಂಬುದನ್ನು ನಮ್ಮ ಅಜ್ಜಿಯರೂ ಬಲ್ಲರು. ಆದರೆ ‘ಒಗ್ಗದು’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಅಡಗಿವೆ. ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವವನಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಅಷ್ಟೆ. ಅದು ತೊಂದರೆ, ಪ್ರಾಣಭಯವಲ್ಲ. ಹಾಲಿನ ಅಲರ್ಜಿ ಇರುವವನ ಕಥೆ ಬೇರೆ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ಕಾವಲುಪಡೆ ನಿರಪರಾಧಿಯಾದ ಹಾಲಿನ ಪ್ರೋಟೀನನ್ನೇ ಶತ್ರುವೆಂದು ಬಗೆದು ದಾಳಿ ಮಾಡುತ್ತದೆ. ಮೈಮೇಲೆ ದದ್ದು ಏಳುತ್ತದೆ, ತುಟಿ ಊದುತ್ತದೆ, ವಾಂತಿಯಾಗುತ್ತದೆ. ಪ್ರಕೋಪಕ್ಕೆ ಹೋದರೆ ಉಸಿರಿನ ದಾರಿ ಮುಚ್ಚಿ, ರಕ್ತದ ಒತ್ತಡ ಕುಸಿದು, ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಈ ಉಗ್ರ ಸ್ಥಿತಿಯನ್ನು ವೈದ್ಯರು ‘ಅನಾಫಿಲಾಕ್ಸಿಸ್’ ಎನ್ನುತ್ತಾರೆ.

ಈ ಹೆಸರು ಹುಟ್ಟಿದ್ದು ಕಡಲಯಾನದ ಬೆನ್ನಿಗೆ. 1901ರಲ್ಲಿ ಮೊನಾಕೊ ದೇಶದ ರಾಜಕುಮಾರನ ವಿಹಾರನೌಕೆಯಲ್ಲಿ ಷಾರ್ಲ್ ರಿಷೆ, ಪಾಲ್ ಪೋರ್ಟಿಯೆ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಕಡಲಜೀವಿಗಳ ವಿಷವನ್ನು ಕುರಿತು ಶೋಧನೆ ಆರಂಭಿಸಿದರು. ದಡಕ್ಕೆ ಮರಳಿದ ಮೇಲೆ ನಾಯಿಗಳಿಗೆ ಅಂಥ ವಿಷವನ್ನು ಸ್ವಲ್ಪ ಸ್ವಲ್ಪ ಕೊಟ್ಟರೆ ಅವು ಅದಕ್ಕೆ ಒಗ್ಗಿಕೊಂಡಾವೆಂದು ಅವರ ಎಣಿಕೆ. ನಡೆದದ್ದು ತದ್ವಿರುದ್ಧ. ಮೊದಲ ಸಲ ತಾಳಿಕೊಂಡಿದ್ದ ನಾಯಿ, ವಾರಗಳ ತರುವಾಯ ಕೊಟ್ಟ ಅತ್ಯಲ್ಪ ಪ್ರಮಾಣಕ್ಕೇ ಸತ್ತುಬಿದ್ದಿತು. ರಕ್ಷಣೆಗೆ ವಿರುದ್ಧವಾದದ್ದು ಎಂಬ ಅರ್ಥದಲ್ಲಿ 1902ರಲ್ಲಿ ಅವರು ಆ ಪದವನ್ನು ಟಂಕಿಸಿದರು. ರಿಷೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ‘ಅಲರ್ಜಿ’ ಎಂಬ ಮಾತನ್ನು 1906ರಲ್ಲಿ ಬಳಕೆಗೆ ತಂದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಆ ನಾಯಿಯ ಪಾಠ ಇಂದಿಗೂ ನೆನಪಿಡತಕ್ಕದ್ದು: ಹಿಂದಿನ ಸಲ ಬರಿಯ ದದ್ದಿನಲ್ಲಿ ಮುಗಿಯಿತೆಂದು ಈ ಸಲವೂ ಹಾಗೆಯೇ ಮುಗಿದೀತೆಂಬ ಭರವಸೆಯಿಲ್ಲ.

ಇದು ಪರದೇಶದವರ ಕಾಯಿಲೆ ಎಂದು ನಾವು ನಿಶ್ಚಿಂತರಾಗುವಂತಿಲ್ಲ. ಬೆಂಗಳೂರು, ಮೈಸೂರುಗಳ ವಯಸ್ಕರನ್ನು ಕುರಿತು ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಆಹಾರದ ಅಲರ್ಜಿ ಇರುವ ಸಂಭವ ಕಂಡುಬಂದಿತು.

ಕಾನೂನು ಎಲ್ಲಿಗೆ ನಿಲ್ಲುತ್ತದೆ?

ಅಮೆರಿಕದಲ್ಲಿ 2004ರಲ್ಲಿ ಒಂದು ಕಾನೂನಾಯಿತು. ಹಾಲು, ಮೊಟ್ಟೆ, ಮೀನು, ಸೀಗಡಿ ಏಡಿಗಳ ಜಾತಿ, ಕಡಲೆಕಾಯಿ, ಬಾದಾಮಿ ಗೋಡಂಬಿಗಳಂಥ ಮರದ ಬೀಜಗಳು, ಗೋಧಿ, ಸೋಯಾ ಈ ಎಂಟರಲ್ಲಿ ಯಾವುದಿದ್ದರೂ ಪೊಟ್ಟಣದ ಮೇಲೆ ಎಲ್ಲರಿಗೂ ತಿಳಿಯುವ ಮಾತಿನಲ್ಲಿ ನಮೂದಿಸಬೇಕೆಂಬುದು ಅದರ ಕಟ್ಟಳೆ. 2023ರ ಜನವರಿ 1ರಿಂದ ಒಂಬತ್ತನೆಯದಾಗಿ ಎಳ್ಳು ಸೇರಿತು. ಇಲ್ಲೊಂದು ವಿನೋದವೂ ವಿಷಾದವೂ ಬೆರೆತ ಸಂಗತಿಯುಂಟು. ಯಂತ್ರಗಳಿಂದ ಎಳ್ಳಿನ ಅಂಶವನ್ನು ಪೂರ್ತಿ ತೊಳೆಯುವುದು ಪ್ರಯಾಸವೆಂದು ಕೆಲವು ಬ್ರೆಡ್ ತಯಾರಕರು ಬೇಕೆಂದೇ ಎಳ್ಳುಹಿಟ್ಟು ಬೆರೆಸಿ, ‘ಎಳ್ಳು ಇದೆ’ ಎಂದು ಅಚ್ಚು ಹಾಕಿಸಿ ಕೈ ತೊಳೆದುಕೊಂಡರು!

ಆದರೆ ಈ ಕಾನೂನು ಪೊಟ್ಟಣಕ್ಕೆ ಅನ್ವಯಿಸುತ್ತದೆ; ಹೋಟೆಲಿನ ತಟ್ಟೆಗೆ ಅಲ್ಲ. ಮೇಜಿನ ಮುಂದೆ ಕುಳಿತವನಿಗೆ ಓದಲು ಲೇಬಲ್ ಇಲ್ಲ. ಅಲ್ಲಿ ಅವನನ್ನು ಕಾಯುವುದು ಕೇಳಿದ ಪ್ರಶ್ನೆ ಮತ್ತು ಬಂದ ಉತ್ತರ, ಇವೆರಡೇ.

ಮೇಜಿನ ಬಳಿ ನಡೆಯುವುದೇನು?

ಇಂಥ ಸಂಸಾರಗಳಲ್ಲಿ ಡಿಸ್ನಿಯ ಮಾಯಾನಗರಿಗೆ ಒಳ್ಳೆಯ ಹೆಸರು ಬಂದುದು ಈ ಪ್ರಶ್ನೋತ್ತರವನ್ನು ಅದು ಒಂದು ಪದ್ಧತಿಯಾಗಿ ರೂಪಿಸಿದ್ದರಿಂದಲೇ. ಊಟದ ಮೇಜನ್ನು ಮೊದಲೇ ಕಾದಿರಿಸುವಾಗ ಯಾರಿಗೆ ಯಾವುದು ಒಗ್ಗದೆಂದು ತಿಳಿಸಬಹುದು. ಮೇಜಿಗೆ ಬಂದ ಮೇಲೆ ಬಡಿಸುವವನಿಗೆ ಅದನ್ನೇ ಮತ್ತೆ ಹೇಳಬೇಕು. ಆಗ ಬೇರೊಂದು ತಿಂಡಿಪಟ್ಟಿ ಬರುತ್ತದೆ. ಗೋಧಿಯ ಅಂಟು, ಮೊಟ್ಟೆ, ಮೀನು ಸೀಗಡಿ, ಹಾಲು, ಕಡಲೆಕಾಯಿ ಮತ್ತು ಮರದ ಬೀಜಗಳು, ಎಳ್ಳು, ಸೋಯಾ ಎಂಬ ತಲೆಬರಹಗಳ ಕೆಳಗೆ ಯಾರು ಯಾವುದನ್ನು ತಿನ್ನಬಹುದೆಂದು ಅದರಲ್ಲಿ ವಿಂಗಡಿಸಿರುತ್ತಾರೆ. ಸಂದೇಹವಿದ್ದರೆ ಈ ವಿಷಯದಲ್ಲಿ ತರಬೇತಾದವರೊಡನೆ, ಇಲ್ಲವೆ ಬಾಣಸಿಗನೊಡನೆಯೇ ಮಾತನಾಡಲು ಕೇಳಿಕೊಳ್ಳಬಹುದು. ಹಿಂದಿನ ವರ್ಷಗಳಲ್ಲಿ ಬಿಳಿಯ ಟೊಪ್ಪಿಗೆಯ ಮುಖ್ಯ ಬಾಣಸಿಗ ತಾನೇ ಹೊರಬಂದು, ಮಗುವಿನ ಪಕ್ಕದಲ್ಲಿ ನಿಂತು, “ನಿನಗೇನು ಮಾಡಿಕೊಡಲಿ?” ಎಂದು ವಿಚಾರಿಸುವುದು ವಾಡಿಕೆಯಾಗಿತ್ತು. ಅಚ್ಚಾದ ಪಟ್ಟಿಗಳು ಬಂದ ಮೇಲೆ ಆ ವಾಡಿಕೆ ತಗ್ಗಿದೆ.

ಇದರ ಬೆಲೆಯೇನೆಂದು ಅಲರ್ಜಿ ಇರುವ ಮಗುವಿನ ತಾಯಿಯನ್ನೇ ಕೇಳಬೇಕು. ಹುಟ್ಟುಹಬ್ಬದ ಕೂಟಗಳಲ್ಲಿ ಎಲ್ಲರೂ ಕೇಕು ತಿನ್ನುವಾಗ ಡಬ್ಬಿ ಬಿಚ್ಚಿ ಕುಳಿತುಕೊಳ್ಳುವ ಮಗು ಅದು. ಅಣ್ಣನ ತಟ್ಟೆಯಲ್ಲಿರುವಂಥದೇ ತಿನಿಸು ತನ್ನ ತಟ್ಟೆಗೂ ಬಂದಿತೆಂದರೆ ಅದರ ಮುಖದಲ್ಲಿ ಅರಳುವ ಗೆಲುವಿಗೆ ಎಣೆಯಿಲ್ಲ.

ಮನೆಯ ಬುತ್ತಿಯನ್ನು ಒಯ್ಯುವುದಕ್ಕೂ ಅಡ್ಡಿಯಿಲ್ಲ. ಗಾಜಿನ ಪಾತ್ರೆಯೂ ಮದ್ಯವೂ ಇಲ್ಲದಿದ್ದರೆ ಉದ್ಯಾನದೊಳಕ್ಕೆ ಸ್ವಂತ ಆಹಾರವನ್ನು ಬಿಡುತ್ತಾರೆ. ಬಿಸಿ ಮಾಡುವ ಅಗತ್ಯವಿರುವಂಥದಾಗಿರಬಾರದು, ಅಷ್ಟೆ.

ಬೇರೆ ಅಡುಗೆಮನೆ ಇಲ್ಲ

ಇಷ್ಟಾದರೂ ಸಂಸ್ಥೆ ತನ್ನ ಅತಿಥಿಗಳಿಗೆ ಒಂದು ಮಾತನ್ನು ಮರೆಮಾಚದೆ ತಿಳಿಸುತ್ತದೆ. ಅಲರ್ಜಿಯವರಿಗೆಂದು ಪ್ರತ್ಯೇಕ ಅಡುಗೆಮನೆಗಳು ಅಲ್ಲಿಲ್ಲ. ಒಂದು ಪದಾರ್ಥ ಇನ್ನೊಂದನ್ನು ಸೋಕಿಯೇ ಇಲ್ಲವೆಂದು ಖಾತರಿ ಕೊಡಲಾಗದು. ಕೊನೆಯ ತೀರ್ಮಾನ ಉಣ್ಣುವವರದೇ.

ಈ ‘ಸೋಂಕು’ ಎಂಬುದೇ ಎಲ್ಲಕ್ಕಿಂತ ಗೂಢವಾದ ಅಪಾಯ. ಬಟಾಟೆಯಲ್ಲಿ ಗೋಧಿಯಿಲ್ಲ, ಮೀನಿಲ್ಲ. ಆದರೆ ಹಿಟ್ಟು ಸವರಿದ ಮೀನು ಕರಿದ ಎಣ್ಣೆಯಲ್ಲಿಯೇ ಬಟಾಟೆಯೂ ಬೆಂದಿತೆಂದರೆ ಎರಡೂ ಅದಕ್ಕೆ ಅಂಟಿದಂತೆಯೇ. ಕಾದ ಎಣ್ಣೆ ದೋಷವನ್ನೆಲ್ಲ ಸುಟ್ಟುಬಿಡುತ್ತದೆಂಬುದು ಭ್ರಮೆ. ಹುರಿದ ಮಾತ್ರಕ್ಕೆ ಕಡಲೆಕಾಯಿಯ ಅಲರ್ಜಿಕಾರಕ ಪ್ರೋಟೀನು ನಾಶವಾಗುವುದಿಲ್ಲ. ತಾವೇ ಬಡಿಸಿಕೊಳ್ಳುವ ಬಫೆ ಊಟದಲ್ಲಿ ಒಂದರ ಸೌಟು ಇನ್ನೊಂದಕ್ಕೆ ಬೀಳುವುದು ಸಹಜ. ಆದುದರಿಂದ ಅಂಥಲ್ಲಿ ಒಳಗಿನಿಂದಲೇ ಬೇರೆ ತಟ್ಟೆ ತರಿಸಿಕೊಳ್ಳುವುದು ಕ್ಷೇಮ. ಸಾವಿರಾರು ಕೈಗಳು ಹಿಡಿದ ಆಟದ ಬಂಡಿಗಳ ಸರಳುಗಳನ್ನು ಹಿಡಿದ ಮಕ್ಕಳು ಊಟಕ್ಕೆ ಮುನ್ನ ಸಾಬೂನು ಹಚ್ಚಿ ಕೈ ತೊಳೆಯಬೇಕು. ಕ್ರಿಮಿನಾಶಕ ದ್ರವವನ್ನು ಉಜ್ಜಿಕೊಂಡರೆ ರೋಗಾಣು ಸತ್ತೀತು. ಕಡಲೆಕಾಯಿಯ ಅಂಶ ಕೈಯಲ್ಲೇ ಉಳಿಯಬಹುದು.

2023ರ ದುರಂತ

ಪ್ರಶ್ನೆಯೂ ಉತ್ತರವೂ ಸರಿಯಾಗಿ ಕೂಡದಿದ್ದರೆ ಏನಾಗಬಹುದೆಂಬುದಕ್ಕೆ 2023ರ ಅಕ್ಟೋಬರಿನಲ್ಲಿ ಒಂದು ದಾರುಣ ನಿದರ್ಶನ ದೊರೆಯಿತು. ಈ ಮಾಯಾನಗರಿಗೆ ಸೇರಿದ ಅಂಗಡಿ ಬೀದಿಯ ಒಂದು ಭೋಜನಶಾಲೆಯಲ್ಲಿ ಊಟ ಮಾಡಿದ ನ್ಯೂಯಾರ್ಕಿನ ವೈದ್ಯೆಯೊಬ್ಬರು ಸ್ವಲ್ಪ ಹೊತ್ತಿನಲ್ಲಿಯೇ ಕುಸಿದು ಬಿದ್ದು ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೆ ಹಾಲು ಮತ್ತು ಬೀಜಗಳ ಅಲರ್ಜಿ ಇದ್ದಿತು. ಬಡಿಸುವವನಿಗೆ ಮತ್ತೆ ಮತ್ತೆ ತಿಳಿಸಿದ್ದೆವು, ಅಭಯ ಕೊಟ್ಟ ಮೇಲೆಯೇ ತಿಂದೆವು ಎಂಬುದು 2024ರಲ್ಲಿ ದಾವೆ ಹೂಡಿದ ಪತಿಯ ಆರೋಪ. ಭೋಜನಶಾಲೆಯನ್ನು ನಡೆಸುತ್ತಿದ್ದುದು ಬೇರೊಂದು ಸಂಸ್ಥೆ. ನೆಲ ಮಾತ್ರ ಡಿಸ್ನಿಯದು.

ಮೊಕದ್ದಮೆ ಹಿಡಿದ ತಿರುವು ಲೋಕವನ್ನೇ ಬೆರಗುಗೊಳಿಸಿತು. ಮನೆಯಲ್ಲಿ ಚಲನಚಿತ್ರ ನೋಡುವ ಡಿಸ್ನಿಯ ಸೇವೆಗೆ ಪತಿಯು 2019ರಲ್ಲಿ ಚಂದಾದಾರರಾಗುವಾಗ ಒಪ್ಪಿದ ಷರತ್ತುಗಳನ್ನೂ, ಆ ಮೇಲೆ ಟಿಕೆಟು ಕೊಳ್ಳುವಾಗ ಒಪ್ಪಿದ ಷರತ್ತುಗಳನ್ನೂ ಮುಂದಿಟ್ಟು, ಈ ವ್ಯಾಜ್ಯ ನ್ಯಾಯಾಲಯಕ್ಕೆ ಬರತಕ್ಕದ್ದಲ್ಲ, ಪಂಚಾಯ್ತಿಯಲ್ಲಿ ತೀರತಕ್ಕದ್ದು ಎಂದು ಸಂಸ್ಥೆ ವಾದಿಸಿತು. ಸಿನಿಮಾ ನೋಡಲು ಒತ್ತಿದ ಒಪ್ಪಿಗೆಗೂ ಹೆಂಡತಿಯ ಸಾವಿಗೂ ಏನು ನಂಟೆಂದು ಜನರು ಕೆರಳಿ ಕೇಳಿದರು. 2024ರ ಆಗಸ್ಟಿನಲ್ಲಿ ಸಂಸ್ಥೆ ಆ ವಾದವನ್ನು ಕೈಬಿಟ್ಟಿತು.

ತಪ್ಪು ಯಾರದೆಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಯಾತ್ರಿಕರಿಗೆ ಇದರಿಂದ ದೊರೆಯುವ ಪಾಠ ಒಂದೇ: ಹೆಬ್ಬಾಗಿಲಿನ ಮೇಲೆ ಹೆಸರು ಒಂದಿದ್ದರೂ ಒಳಗಿನ ಅಡುಗೆಮನೆಗಳು ಹಲವರವು. ಒಂದು ಮೇಜಿನಲ್ಲಿ ಕಂಡ ಎಚ್ಚರ ಮುಂದಿನ ಮೇಜಿನಲ್ಲಿಯೂ ಇದ್ದೇ ಇರುತ್ತದೆಂದು ಭಾವಿಸದೆ, ಪ್ರತಿ ಊಟಕ್ಕೂ ಹೊಸದಾಗಿ ಕೇಳಬೇಕು.

ನಮ್ಮವರು ಹೋಗುವಾಗ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳನ್ನು ನೋಡಲು ಹೋಗಿ, ಮೊಮ್ಮಕ್ಕಳ ಕೈ ಹಿಡಿದು ಈ ಮಾಯಾನಗರಿಯನ್ನು ಸುತ್ತಿ ಬರುವ ಕನ್ನಡಿಗರು ಈಗ ಉಂಟು. ಅಂಥವರು “ನಾವು ಸಸ್ಯಾಹಾರಿಗಳು” ಎಂದು ಹೇಳಿ ನಿಶ್ಚಿಂತರಾಗುವುದು ಸಾಲದು. ಸಸ್ಯಾಹಾರದಲ್ಲಿ ಹಾಲು ತುಪ್ಪ ಇರಬಹುದು. ಅಲ್ಲಿನ ಪಟ್ಟಿಗಳಲ್ಲಿ ಹಸಿರೆಲೆಯ ಗುರುತಿರುವ ತಿನಿಸಿನಲ್ಲಿ ಮಾಂಸ, ಹಾಲು, ಮೊಟ್ಟೆ, ಜೇನು ಯಾವುದೂ ಇರದು. ಆದರೆ ಹಾಲಿನ ಬದಲಿಗೆ ಗೋಡಂಬಿಯನ್ನೊ ಸೋಯಾವನ್ನೊ ಬಳಸಿರಬಹುದು. ಜಿರಾಫೆ, ಜೀಬ್ರಾಗಳನ್ನು ಕಿಟಕಿಯಾಚೆ ನೋಡುತ್ತ ಉಣ್ಣುವ ‘ಸನಾ’ ಎಂಬ ಭೋಜನಶಾಲೆಯಲ್ಲಿ ನಾನ್, ಚಟ್ನಿಗಳು ಸಿಕ್ಕಿದಾಗ ತವರಿನ ಊಟ ಕಂಡಂತೆ ಹಿಗ್ಗಾಗುವುದು ನಿಜ. ಆದರೆ ಪರಿಚಿತವಾದ ಹೆಸರು ಪರಿಚಿತವಾದ ಪಾಕವಲ್ಲ. ಅಲ್ಲಿಯೂ ಕೇಳಿಯೇ ತಿನ್ನಬೇಕು. ಗೋಧಿ ಸೇರದ ಮೊಮ್ಮಗುವಿಗೆಂದು ಸಾರು, ಗೊಜ್ಜುಗಳ ಬುತ್ತಿ ಕಟ್ಟುವ ಅಜ್ಜಿಯೂ ಒಂದನ್ನು ನೆನೆಯಬೇಕು: ಅಂಗಡಿಯ ಇಂಗಿನಲ್ಲಿ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ. “ಒಂದು ತುತ್ತಿನಿಂದ ಏನಾದೀತು?” ಎಂಬ ಅಕ್ಕರೆಯ ಮಾತು ಇಲ್ಲಿ ಸಲ್ಲದು.

ಉಗ್ರ ಅಲರ್ಜಿ ಇರುವವರು ವೈದ್ಯರು ಕೊಟ್ಟ ಎಪಿನೆಫ್ರಿನ್ ಸೂಜಿಮದ್ದನ್ನು, ಒಂದಲ್ಲ ಎರಡನ್ನು, ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು. ಫ್ಲಾರಿಡಾದ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಟ್ಟು ಹೋದರೆ ಮದ್ದು ಕೆಡುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ, ತಲೆ ಸುತ್ತಿ ಕುಸಿದರೆ ತಡಮಾಡದೆ ತೊಡೆಯ ಹೊರಮಗ್ಗುಲಿಗೆ ಚುಚ್ಚಿ, 911ಕ್ಕೆ ಕರೆ ಕೊಟ್ಟು, ಆಸ್ಪತ್ರೆಗೆ ಸಾಗಿಸಬೇಕು. ದದ್ದಿಗೆ ಕೊಡುವ ಮಾತ್ರೆ ಇದಕ್ಕೆ ಬದಲಿಯಲ್ಲ. ಮದ್ದು ಜೊತೆಯಲ್ಲಿದೆಯೆಂದು ಊಟದಲ್ಲಿ ಎಚ್ಚರ ತಪ್ಪುವುದೂ ಸಲ್ಲ; ಅದು ಆಪತ್ತಿಗೆ ಒದಗುವ ನಂಟ, ಅಭಯಪತ್ರವಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಎರಡನ್ನೂ ಒಂದೇ ಗಾದೆಯಲ್ಲಿ ಕಟ್ಟಿದರು. ಈ ಮಕ್ಕಳ ಪಾಲಿಗೆ ಅವೆರಡೂ ಒಂದೇ. ಸಂಕೋಚವಿಲ್ಲದೆ ಕೇಳಬಲ್ಲ ತಾಯಿ, ತಿಳಿಯದಿದ್ದರೆ “ತಿಳಿಯದು, ಒಳಗೆ ವಿಚಾರಿಸಿ ಬರುತ್ತೇನೆ” ಎನ್ನಬಲ್ಲ ಬಡಿಸುವವ, ಇವರಿಬ್ಬರೂ ಕೂಡಿದ ಮೇಜಿನಲ್ಲಿ ಮಗು ನೆಮ್ಮದಿಯಾಗಿ ಉಣ್ಣುತ್ತದೆ. ಆ ಮೇಲೆ ಕೋಟೆಯೂ ಭೂತಬಂಗಲೆಯೂ ಅದಕ್ಕೆ ಕಾದೇ ಇರುತ್ತವೆ.