ಅಜಲಿನಾಚೆ: ಕೊರಗ ಸಮುದಾಯದ ಉಳಿವಿನ ಪ್ರಶ್ನೆ

ರಫಾಯೆಲ್ ಲೆಮ್ಕಿನ್ 1944ರಲ್ಲಿ ಜನಾಂಗಹತ್ಯೆಯ ಪರಿಕಲ್ಪನೆಯನ್ನು ರೂಪಿಸಿದಾಗ, ಅದರಲ್ಲಿ ಕೊಲೆಯ ಜೊತೆಗೆ ಒಂದು ಸಮುದಾಯದ ಭಾಷೆ, ಆಚರಣೆ, ಜೀವನಾಧಾರಗಳ ನಾಶವೂ ಸೇರಿತ್ತು. 1948ರ ವಿಶ್ವಸಂಸ್ಥೆಯ ಒಪ್ಪಂದ ಸಾಂಸ್ಕೃತಿಕ ನಾಶವನ್ನು ಕೈಬಿಟ್ಟಿತು. ಆಸ್ಟ್ರೇಲಿಯ, ಅಮೆರಿಕಗಳ ವಲಸೆ ವಸಾಹತುಗಳಲ್ಲಿ ನಡೆದುದರೊಡನೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಕೊರಗರ ಚರಿತ್ರೆಯನ್ನು ಸಮೀಕರಿಸಲಾಗದು. ಆದರೂ ಲೆಮ್ಕಿನ್ ಎತ್ತಿದ, ಒಪ್ಪಂದ ಬಿಟ್ಟ ಆ ಪ್ರಶ್ನೆ ಇಲ್ಲಿ ಪ್ರಸ್ತುತವೇ ಆಗಿದೆ. ಹುಬಾಶಿಕನೆಂಬ ಕೊರಗ ಅರಸನು ಆಳಿದನೆಂದೂ ಮುಂದೆ ಅವನ ಜನ ಕಾಡುಪಾಲಾದರೆಂದೂ ಹೇಳುವ ಐತಿಹ್ಯವನ್ನು ಚಾರಿತ್ರಿಕ ಪ್ರಮಾಣವೆನ್ನಲಾಗದಿದ್ದರೂ, ನೆಲ ಕಳೆದುಕೊಂಡ ನೆನಪಾಗಿ ಅದು ಗಮನಾರ್ಹ.

ಎಂಜಲು, ಕೂದಲು, ಉಗುರು ಬೆರೆಸಿದ ಅನ್ನವನ್ನು ಉಣ್ಣಿಸುವುದು, ಕಂಬಳದ ಮುನ್ನ ಕೋಣಗಳಂತೆ ಓಡಿಸುವುದು ಮೊದಲಾದವು ಅಜಲು ಪದ್ಧತಿಯ ರೂಪಗಳು. 2000ದ ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಅಧಿನಿಯಮ ಇವನ್ನು ಶಿಕ್ಷಾರ್ಹಗೊಳಿಸಿತು. ಜಾನಪದ ಅಧ್ಯಯನಕ್ಕೆ ತೊಡಕು ಎದುರಾಗುವುದು ಇಲ್ಲಿಯೇ. ಕೊರಗರ ಡೋಲು ಅವರದೇ ಕಲೆ. ಅನ್ಯರ ಕಂಬಳಕ್ಕೆ, ಉತ್ಸವಕ್ಕೆ ಅಂಗಳದ ಹೊರಗೆ ನಿಂತು ಬಾರಿಸಬೇಕಾದಾಗ ಅದು ಅವಮಾನದ ಗುರುತಾಯಿತು. ಡೋಲನ್ನು ಮುಟ್ಟಲೊಲ್ಲದ ಯುವಕನನ್ನು ಪರಂಪರೆ ತೊರೆದವನೆಂದು ದೂರುವ ವಿದ್ವಾಂಸರು ಅವನು ತೊರೆದುದೇನೆಂಬುದನ್ನು ನೋಡಿಲ್ಲವೆಂದೇ ನನ್ನ ಭಾವನೆ. ಕೊರಗತನಿಯ ದೈವಕ್ಕೆ ಭಕ್ತಿಯಿಂದ ಚಕ್ಕುಲಿ, ವೀಳ್ಯ ಒಪ್ಪಿಸುವ ನಾಡೇ ಜೀವಂತ ಕೊರಗರನ್ನು ಹೊರಗಿಟ್ಟಿತು!

ಕೊರಗ ಭಾಷೆಯನ್ನು ಡಿ. ಎನ್. ಶಂಕರ ಭಟ್ಟರು 1971ರಲ್ಲಿಯೇ ವರ್ಣಿಸಿದ್ದಾರೆ. ಹೊರವ್ಯವಹಾರವನ್ನು ತುಳುವೂ ಶಾಲೆಯನ್ನು ಕನ್ನಡವೂ ಆವರಿಸಿರುವಲ್ಲಿ ವ್ಯಾಕರಣವೊಂದರಿಂದ ಭಾಷೆ ಉಳಿಯದು. ಅದಕ್ಕಿಂತ ಆತಂಕದ ಸಂಗತಿಯೆಂದರೆ ಜನಸಂಖ್ಯೆಯೇ ಇಳಿದಿರುವುದು: ರಾಜ್ಯದಲ್ಲಿ 2001ರ ಜನಗಣತಿಯಂತೆ 16,071 ಇದ್ದ ಕೊರಗರು 2011ರಲ್ಲಿ 14,794. ಅಪೌಷ್ಟಿಕತೆ, ರಕ್ತಹೀನತೆ, ಕ್ಷಯ, ಮದ್ಯವ್ಯಸನಗಳ ಹಿಂದೆ ಭೂರಹಿತತೆಯಿದೆ. ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ನೀಡಬೇಕೆಂದು ಮಹಮ್ಮದ್ ಪೀರ್ ವರದಿ 1994ರಲ್ಲಿ ಶಿಫಾರಸು ಮಾಡಿತ್ತು. ಕೊರಗ ಸಂಘಟನೆಗಳು ಅದನ್ನೇ ಮುಂದಿಟ್ಟು ಹೋರಾಡಿದವು.

ಬುಟ್ಟಿ ಹೆಣೆಯಲು ಬೇಕಾದ ಬಳ್ಳಿ, ಬೆತ್ತ, ಬಿದಿರು ಕಾಡಿನಿಂದಲೇ ಬರಬೇಕು. ಬಳ್ಳಿಯನ್ನು ಆರಿಸುವ, ಸೀಳುವ, ಹದಗೊಳಿಸುವ ಅರಿವು ಕಾಡಿನ ದಾರಿ ಮುಚ್ಚಿದರೆ ಒಂದೇ ತಲೆಮಾರಿನಲ್ಲಿ ಅಳಿಯುತ್ತದೆ. ಪ್ಲಾಸ್ಟಿಕ್ ಬುಟ್ಟಿಯ ಪೈಪೋಟಿ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಬೆತ್ತಗಳ ಸಂಗ್ರಹಣೆಯ ಹಕ್ಕನ್ನೂ, ಕೊರಗರಂತಹ ಆದಿಮ ಬುಡಕಟ್ಟುಗಳ ಆವಾಸದ ಹಕ್ಕನ್ನೂ ಮಾನ್ಯ ಮಾಡಿದೆ. ಈ ಹಕ್ಕಿಗೆ ಗ್ರಾಮಸಭೆಯಲ್ಲಿ ಅರ್ಜಿ ಮಂಡಿಸುವಾಗ ಯಾವ ಕಾಡು, ಯಾವ ಬಳ್ಳಿ, ಯಾವ ದೈವಸ್ಥಾನ ಎಂಬುದಕ್ಕೆ ಬರಹಕ್ಕಿಳಿಸಿದ ಹಿರಿಯರ ಹೇಳಿಕೆಯೂ ಸಾಕ್ಷ್ಯವಾಗುತ್ತದೆ. ಜಾನಪದ ಸಂಶೋಧಕರು ಸಂಗ್ರಹಿಸಿದ ಧ್ವನಿಮುದ್ರಿಕೆಗಳು ಮೊದಲು ತಲುಪಬೇಕಾದುದು ಆ ಅರ್ಜಿಯ ಕಡತವನ್ನು.